ರಜೆ ಸರ್ಕಾರದ್ದು, ಹಬ್ಬ ಊರಿನದು: ಜಪಾನಿನ ಎರಡು ಪಂಚಾಂಗಗಳು

ಜಪಾನಿನ ಕಂಪನಿಗಳೊಂದಿಗೆ ವ್ಯವಹರಿಸುವ ಬೆಂಗಳೂರಿನ ಕಚೇರಿಗಳಿಗೆ ಆಗಸ್ಟ್ ನಡುವಿನ ವಾರ ಒಂದು ಪರಿಚಿತ ಒಗಟು. ಆ ದೇಶದ ಸರ್ಕಾರಿ ಪಟ್ಟಿಯಲ್ಲಿ ಆಗಸ್ಟ್ 13ರಿಂದ 16ರವರೆಗೆ ರಾಷ್ಟ್ರೀಯ ರಜೆಯೆಂದು ಗುರುತಾದ ಒಂದು ದಿನವೂ ಇಲ್ಲ. ಆದರೂ ಇಮೇಲ್‌ಗಳಿಗೆ ಉತ್ತರ ಬರುವುದಿಲ್ಲ, ಕಾರ್ಖಾನೆಗಳು ಬಾಗಿಲು ಹಾಕಿರುತ್ತವೆ, ಟೋಕಿಯೊದಿಂದ ಊರಕಡೆ ಹೊರಟ ಶಿಂಕಾನ್ಸೆನ್ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದು ಒಬೊನ್, ಅಂದರೆ ತೀರಿಕೊಂಡ ಹಿರಿಯರು ಮನೆಗೆ ಬಂದು ಹೋಗುತ್ತಾರೆಂದು ನಂಬಿದ ದಿನಗಳು. ಇನ್ನೊಂದೆಡೆ ನವೆಂಬರ್ 23 ಕಾನೂನಿನ ಪ್ರಕಾರ ರಾಷ್ಟ್ರೀಯ ರಜೆ. 'ಶ್ರಮಕ್ಕೆ ಕೃತಜ್ಞತೆ ಸಲ್ಲಿಸುವ ದಿನ' ಎಂಬುದು ಅದರ ಹೆಸರು. ಅಂದು ಹೆಚ್ಚಿನ ಮನೆಗಳಲ್ಲಿ ವಿಶೇಷ ಅಡುಗೆಯೂ ಇಲ್ಲ, ಪೂಜೆಯೂ ಇಲ್ಲ, ಆ ದಿನವನ್ನು ಏಕೆ ಆರಿಸಲಾಯಿತೆಂಬ ನೆನಪೂ ಬಹಳ ಜನರಿಗಿಲ್ಲ.

ರಜೆಯಿದ್ದಲ್ಲಿ ಹಬ್ಬವಿಲ್ಲದ, ಹಬ್ಬವಿದ್ದಲ್ಲಿ ರಜೆಯಿಲ್ಲದ ಈ ಸ್ಥಿತಿ ಆಕಸ್ಮಿಕವಾಗಿ ಬಂದದ್ದಲ್ಲ. ಜಪಾನ್ ಒಂದೂವರೆ ಶತಮಾನದಿಂದ ಎರಡು ಪಂಚಾಂಗಗಳನ್ನು ಒಟ್ಟಿಗೆ ಇಟ್ಟುಕೊಂಡು ಬದುಕುತ್ತಿದೆ. ಒಂದನ್ನು ಸಂಸತ್ತು ಬರೆಯುತ್ತದೆ, ಇನ್ನೊಂದನ್ನು ಊರು, ಬೀದಿ, ದೇಗುಲಗಳು ಕಾಯ್ದುಕೊಂಡು ಬಂದಿವೆ. ಸಂಸತ್ತಿನ ಪಂಚಾಂಗದಲ್ಲಿ ದಿನಗಳು ಹೆಚ್ಚುತ್ತಲೇ ಇವೆ. ಊರಿನ ಪಂಚಾಂಗದಲ್ಲಿ ದಿನಗಳು ಇದ್ದರೂ ಅವನ್ನು ನಡೆಸುವ ಕೈಗಳು ಕಡಿಮೆಯಾಗುತ್ತಿವೆ. ಜಪಾನಿನ ಹಬ್ಬಗಳ ಬಗ್ಗೆ ಇಂದು ನಡೆಯುತ್ತಿರುವ ಬಹುಪಾಲು ವಾದಗಳು ಹೊರನೋಟಕ್ಕೆ ಜನಸಂಖ್ಯೆ, ಬಿಸಿಲು, ಪ್ರವಾಸೋದ್ಯಮಗಳ ಕುರಿತಾದವು. ಆದರೆ ಅವುಗಳ ಬುಡದಲ್ಲಿ ಇರುವುದು ಒಂದೇ ಪ್ರಶ್ನೆ: ತಾರೀಖನ್ನು ಬದಲಿಸುವ ಹಕ್ಕು ಯಾರದು, ಬದಲಿಸಿದ ಮೇಲೆ ಹಬ್ಬ ಅದೇ ಹಬ್ಬವಾಗಿ ಉಳಿಯುತ್ತದೆಯೇ?

ಈ ಬಿರುಕು ಬಿದ್ದದ್ದು 1872ರ ಕೊನೆಯಲ್ಲಿ. ಅಲ್ಲಿಯವರೆಗೆ ಜಪಾನ್ ಬಳಸುತ್ತಿದ್ದದ್ದು ಚೀನಾದಿಂದ ಬಂದ, ಚಂದ್ರನ ತಿಂಗಳುಗಳನ್ನು ಸೂರ್ಯನ ವರ್ಷಕ್ಕೆ ಹೊಂದಿಸುವ ಪಂಚಾಂಗ. ನಮ್ಮ ಚಾಂದ್ರಮಾನದಂತೆಯೇ ಅದರಲ್ಲೂ ಅಧಿಕಮಾಸ ಬರುತ್ತಿತ್ತು. ಚಕ್ರವರ್ತಿ ಮೇಜಿಯ ಸರ್ಕಾರ ಮೂರೂವರೆ ವಾರಗಳಷ್ಟೂ ಮುನ್ಸೂಚನೆ ಕೊಡದೆ ಪಾಶ್ಚಾತ್ಯ ಕ್ಯಾಲೆಂಡರಿಗೆ ಬದಲಾಯಿಸಿತು: ಮೇಜಿ ಐದನೆಯ ವರ್ಷದ ಹನ್ನೆರಡನೆಯ ತಿಂಗಳಿನ ಎರಡನೆಯ ದಿನದ ಮರುದಿನವೇ 1873ರ ಜನವರಿ 1 ಎಂದಾಯಿತು. ಆಧುನಿಕತೆಯ ಹಂಬಲ ಇದರ ಹಿಂದಿತ್ತು ನಿಜ, ಆದರೆ ಅಂದಿನ ಸರ್ಕಾರದಲ್ಲಿದ್ದ ಓಕುಮಾ ಶಿಗೆನೊಬು ಬಳಿಕ ನೆನಪಿಸಿಕೊಂಡ ಕಾರಣ ಹೆಚ್ಚು ಲೌಕಿಕವಾದದ್ದು. ನೌಕರರ ವೇತನ ಆಗಷ್ಟೇ ತಿಂಗಳ ಲೆಕ್ಕಕ್ಕೆ ಬಂದಿತ್ತು. ಹಳೆಯ ಪಂಚಾಂಗದ ಮುಂದಿನ ವರ್ಷದಲ್ಲಿ ಅಧಿಕಮಾಸ ಬಿದ್ದು ಹದಿಮೂರು ತಿಂಗಳ ಸಂಬಳ ಕೊಡಬೇಕಾಗುತ್ತಿತ್ತು. ಬೊಕ್ಕಸ ಬರಿದಾಗಿತ್ತು. ಪಂಚಾಂಗ ಬದಲಿಸಿದ್ದರಿಂದ ಆ ಅಧಿಕಮಾಸದ ಸಂಬಳವೂ ಉಳಿಯಿತು, ಎರಡೇ ದಿನಕ್ಕೆ ಮುಗಿದ ಹನ್ನೆರಡನೆಯ ತಿಂಗಳಿನದೂ ಉಳಿಯಿತು. ಅದೇ ಜನವರಿಯಲ್ಲಿ ಮೇಜಿಗೂ ಹಿಂದಿನ ಎಡೊ ಕಾಲದ ಐದು 'ಸೆಕ್ಕು', ಅಂದರೆ ಋತುಮಾನದ ಹಬ್ಬಗಳ ಅಧಿಕೃತ ಸ್ಥಾನವನ್ನೂ ಸರ್ಕಾರ ತೆಗೆದುಹಾಕಿತು.

ಜನ ತಮ್ಮ ಹಬ್ಬಗಳನ್ನು ಮೂರು ಬಗೆಯಲ್ಲಿ ಉಳಿಸಿಕೊಂಡರು, ಅದರ ಗೊಂದಲ ಇಂದಿಗೂ ಕಾಣುತ್ತದೆ. ಮೊದಲನೆಯ ಬಗೆಯಲ್ಲಿ ತಾರೀಖಿನ ಅಂಕಿ ಹಾಗೆಯೇ ಉಳಿದು ಋತು ತಪ್ಪಿಹೋಯಿತು. ಮೂರನೆಯ ತಿಂಗಳಿನ ಮೂರನೆಯ ದಿನದ ಹೆಣ್ಣುಮಕ್ಕಳ ಹಬ್ಬಕ್ಕೆ ಪೀಚ್ ಹೂವಿನ ಹಬ್ಬವೆಂದು ಹೆಸರು, ಆದರೆ ಈಗಿನ ಮಾರ್ಚ್ 3ಕ್ಕೆ ಹೆಚ್ಚಿನ ಕಡೆ ಪೀಚ್ ಅರಳಿರುವುದಿಲ್ಲ. ಅಂಗಡಿಯಲ್ಲಿ ಬೆಚ್ಚಗೆ ಬೆಳೆಸಿದ ಕೊಂಬೆ ಕೊಳ್ಳಬೇಕು. ಏಳನೆಯ ತಿಂಗಳಿನ ಏಳನೆಯ ದಿನದ ತನಬಾತಾ, ಆಕಾಶಗಂಗೆಯ ಎರಡು ದಡಗಳ ನಕ್ಷತ್ರ ಪ್ರೇಮಿಗಳು ವರ್ಷಕ್ಕೊಮ್ಮೆ ಭೇಟಿಯಾಗುವ ರಾತ್ರಿ. ಜುಲೈ 7 ಮಾತ್ರ ಮಳೆಗಾಲದ ನಟ್ಟನಡುವೆ ಬೀಳುವುದರಿಂದ ಟೋಕಿಯೊದ ಮಕ್ಕಳು ಬಿದಿರಿನ ಕೊಂಬೆಗೆ ಹರಕೆಯ ಚೀಟಿ ಕಟ್ಟಿ ಮೋಡವನ್ನು ನೋಡುತ್ತಾರೆ. ಎರಡನೆಯ ಬಗೆಯಲ್ಲಿ ಹಬ್ಬವನ್ನು ಒಂದು ತಿಂಗಳು ಮುಂದೆ ಹಾಕಿ ಋತುವನ್ನು ಹೆಚ್ಚುಕಡಿಮೆ ಉಳಿಸಿಕೊಂಡರು. ಸೆಂದಾಯ್ ನಗರ ತನಬಾತಾವನ್ನು ಆಗಸ್ಟ್ 6ರಿಂದ 8ರವರೆಗೆ ಆಚರಿಸುವುದೂ ದೇಶದ ಬಹುಭಾಗದಲ್ಲಿ ಒಬೊನ್ ಆಗಸ್ಟ್ ನಡುವೆ ಬರುವುದೂ ಹೀಗೆಯೇ. ಟೋಕಿಯೊದ ಹಳೆಯ ಮನೆಗಳಲ್ಲಿ ಮಾತ್ರ ಒಬೊನ್ ಜುಲೈಗೇ ನಡೆಯುತ್ತದೆ. ಮೂರನೆಯವರು ಹಳೆಯ ಪಂಚಾಂಗವನ್ನು ಬಿಡಲೇ ಇಲ್ಲ; ಒಕಿನಾವಾದಲ್ಲಿ ಒಬೊನ್ ಇಂದಿಗೂ ಚಾಂದ್ರಮಾನದ ಲೆಕ್ಕದ್ದು, ಪ್ರತಿ ವರ್ಷ ಬೇರೆ ತಾರೀಖಿಗೆ ಬೀಳುತ್ತದೆ.

ಕಳೆದುಕೊಂಡದ್ದು ಋತುವೊಂದೇ ಅಲ್ಲ, ಚಂದ್ರನನ್ನೂ ಕಳೆದುಕೊಂಡರು. ಏಳನೆಯ ತಿಂಗಳಿನ ಹದಿನೈದನೆಯ ದಿನವೆಂದರೆ ಹುಣ್ಣಿಮೆ, ಒಬೊನ್ ರಾತ್ರಿಯ ಕುಣಿತ ಬೆಳದಿಂಗಳಿನ ಕುಣಿತವಾಗಿತ್ತು. ಈಗ ಆಗಸ್ಟ್ 15ರಂದು ಅಮಾವಾಸ್ಯೆಯೂ ಇರಬಹುದು. ಒಬೊನ್‌ನ ಪೂರ್ಣ ಹೆಸರು 'ಉರಾಬೊನ್', ಅದು ಸಂಸ್ಕೃತದ ಉಲ್ಲಂಬನದಿಂದ ಬಂದದ್ದೆಂಬುದು ಬೌದ್ಧ ಪರಂಪರೆಯ ಹಳೆಯ ವಿವರಣೆ. ಪಿತೃಪಕ್ಷವನ್ನು ಬಲ್ಲ ಕನ್ನಡ ಓದುಗರಿಗೆ ಅದರ ಭಾವ ಅಪರಿಚಿತವೆನಿಸದು. ಹಿರಿಯರು ಬೇಗ ಬರಲೆಂದು ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡುತ್ತಾರೆ, ನಿಧಾನವಾಗಿ ಮರಳಲೆಂದು ಬದನೆಕಾಯಿಯ ಹಸು ಮಾಡುತ್ತಾರೆ. 16ರ ರಾತ್ರಿ ಕ್ಯೋಟೊದ ಐದು ಬೆಟ್ಟಗಳ ಮೇಲೆ ಉರಿಯುವ ಬೃಹತ್ ಬೆಂಕಿಗಳು ಹಿರಿಯರಿಗೆ ಹೇಳುವ ವಿದಾಯ. ಇಷ್ಟೆಲ್ಲ ಇದ್ದೂ ಸರ್ಕಾರದ ಲೆಕ್ಕದಲ್ಲಿ ಅದು ಕೆಲಸದ ದಿನ.

ಸರ್ಕಾರದ ಲೆಕ್ಕವನ್ನು ಈಗಿನ ರೂಪಕ್ಕೆ ತಂದದ್ದು 1948ರ ಜುಲೈನ ರಾಷ್ಟ್ರೀಯ ರಜಾದಿನಗಳ ಕಾನೂನು. ಯುದ್ಧದಲ್ಲಿ ಸೋತ ಜಪಾನ್ ಆಗ ಅಮೆರಿಕದ ನೇತೃತ್ವದ ಆಡಳಿತದಡಿ ಇತ್ತು. 1945ರ ಡಿಸೆಂಬರಿನ ಆದೇಶ ಜಪಾನಿನ ದೇಶೀಯ ಧರ್ಮವಾದ ಶಿಂಟೊವನ್ನು ಪ್ರಭುತ್ವದಿಂದ ಬೇರ್ಪಡಿಸಿತ್ತು, 1947ರಲ್ಲಿ ಜಾರಿಗೆ ಬಂದ ಸಂವಿಧಾನ ಆ ಗೆರೆಯನ್ನು ಗಟ್ಟಿಮಾಡಿತ್ತು. ಅದಕ್ಕೂ ಹಿಂದೆ ರಾಷ್ಟ್ರೀಯ ರಜೆಗಳೆಂದರೆ ಹೆಚ್ಚಾಗಿ ಅರಮನೆಯ ಶಿಂಟೊ ವಿಧಿಗಳ ದಿನಗಳು. ಹೊಸ ಕಾನೂನು ಅವುಗಳಲ್ಲಿ ಹಲವನ್ನು ಅಳಿಸದೆ ಹೆಸರನ್ನಷ್ಟೇ ಬದಲಿಸಿತು. ಚಕ್ರವರ್ತಿ ಹೊಸ ಅಕ್ಕಿಯನ್ನು ದೇವತೆಗಳಿಗೆ ನೈವೇದ್ಯ ಮಾಡುವ ನೀನಾಮೆಸಾಯ್ ವಿಧಿಯ ನವೆಂಬರ್ 23, ಶ್ರಮದ ಕೃತಜ್ಞತೆಯ ದಿನವಾಯಿತು. ಚಕ್ರವರ್ತಿ ಮೇಜಿಯ ಹುಟ್ಟುಹಬ್ಬವಾಗಿದ್ದ ನವೆಂಬರ್ 3, ಸಂಸ್ಕೃತಿಯ ದಿನವಾಯಿತು. ಹೊಸ ಸಂವಿಧಾನವನ್ನು 1946ರಲ್ಲಿ ಅದೇ ದಿನ ಘೋಷಿಸಿದ್ದರಿಂದ ಕಾರಣವೂ ಸಿಕ್ಕಿತು. ರಾಜವಂಶದ ಪೂರ್ವಜರನ್ನು ಪೂಜಿಸುತ್ತಿದ್ದ ಎರಡು ವಿಷುವದ್ದಿನಗಳು ಪ್ರಕೃತಿಯನ್ನೂ ಹಿರಿಯರನ್ನೂ ನೆನೆಯುವ ದಿನಗಳಾದವು. ಅವುಗಳ ತಾರೀಖು ಖಗೋಳ ಗಣಿತದಿಂದ ಬರುವುದರಿಂದ ರಾಷ್ಟ್ರೀಯ ಖಗೋಳ ವೀಕ್ಷಣಾಲಯ ಅದನ್ನು ಹಿಂದಿನ ವರ್ಷದ ಫೆಬ್ರುವರಿಯಲ್ಲಿ ರಾಜಪತ್ರದ ಮೂಲಕ ಪ್ರಕಟಿಸುತ್ತದೆ. ಇಡೀ ಪಟ್ಟಿಯಲ್ಲಿ ಪಂಚಾಂಗ ಕರ್ತನ ಹಳೆಯ ಕೆಲಸದ ನೆರಳು ಉಳಿದಿರುವುದು ಇಲ್ಲಿ ಮಾತ್ರ.

ಎಲ್ಲ ಹೆಸರು ಬದಲಾವಣೆಗಳೂ ಸುಗಮವಾಗಿ ನಡೆಯಲಿಲ್ಲ. ಪುರಾಣಕಾಲದ ಮೊದಲ ಚಕ್ರವರ್ತಿ ಜಿಮ್ಮು ಸಿಂಹಾಸನವೇರಿದನೆಂದು ಹೇಳುವ ಫೆಬ್ರುವರಿ 11 ರದ್ದಾಗಿ, 1966ರ ತಿದ್ದುಪಡಿಯ ನಂತರ ರಾಷ್ಟ್ರ ಸ್ಥಾಪನೆಯ ದಿನವೆಂದು ಮರಳಿತು. ಪುರಾಣವನ್ನು ಇತಿಹಾಸವೆಂದು ಒಪ್ಪಿಸುವ ಯತ್ನವಿದೆಂದು ಅನೇಕ ಇತಿಹಾಸಕಾರರು ಅದನ್ನು ವಿರೋಧಿಸಿದರು, ಆ ಜಗಳ ಪೂರ್ತಿ ತಣ್ಣಗಾಗಿಲ್ಲ. ಏಪ್ರಿಲ್ 29ರದು ಇನ್ನೂ ಸೋಜಿಗದ ಕಥೆ: ಚಕ್ರವರ್ತಿ ಶೋವಾ ಬದುಕಿದ್ದಾಗ ಅದು ಅವರ ಹುಟ್ಟುಹಬ್ಬ, 1989ರಲ್ಲಿ ಅವರು ತೀರಿಕೊಂಡ ಮೇಲೆ 'ಹಸಿರಿನ ದಿನ', 2007ರಿಂದ 'ಶೋವಾ ದಿನ'. ಹಸಿರಿನ ದಿನ ಮೇ 4ಕ್ಕೆ ಎದ್ದುಹೋಯಿತು. ಒಂದೇ ತಾರೀಖಿಗೆ ಮೂರು ಅರ್ಥ ತೊಡಿಸಿದರೂ ಜನರ ಬದುಕಿನಲ್ಲಿ ಏನೂ ಬದಲಾಗಲಿಲ್ಲ. ಅದು ಏಪ್ರಿಲ್ ಕೊನೆಯಿಂದ ಮೇ 5ರ ಮಕ್ಕಳ ದಿನದವರೆಗಿನ 'ಗೋಲ್ಡನ್ ವೀಕ್' ರಜೆಗಳ ಮೊದಲ ದಿನವಾಗಿಯೇ ಉಳಿಯಿತು. ಆ ಹೆಸರೂ ಊರಿನದಲ್ಲ, ದೇಗುಲದ್ದೂ ಅಲ್ಲ. 1950ರ ದಶಕದ ಆರಂಭದಲ್ಲಿ ಸಿನಿಮಾ ವ್ಯಾಪಾರದವರು ಹುಟ್ಟುಹಾಕಿದ್ದು. ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಅದನ್ನು ಬಳಸದೆ 'ದೀರ್ಘ ಸರಣಿ ರಜೆ' ಎಂಬರ್ಥದ ಮಾತನ್ನು ಬಳಸುತ್ತದೆ.

1948ರಲ್ಲಿ ಒಂಬತ್ತಿದ್ದ ರಜೆಗಳು ಈಗ ಹದಿನಾರು. ಇದನ್ನು ಉದಾರತೆಯೆಂದು ಓದಿದರೆ ತಪ್ಪಾಗುತ್ತದೆ. ಜಪಾನಿನ ನೌಕರರು ತಮ್ಮ ಹಕ್ಕಿನ ವೇತನಸಹಿತ ರಜೆಯನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ತಾವು ಹೋದರೆ ಪಕ್ಕದವರ ಮೇಲೆ ಹೊರೆ ಬೀಳುತ್ತದೆಂಬ ಸಂಕೋಚ ಅವರನ್ನು ಕಟ್ಟಿಹಾಕುತ್ತದೆ. ವರ್ಷಕ್ಕೆ ಕನಿಷ್ಠ ಐದು ದಿನವಾದರೂ ನೌಕರರು ರಜೆ ಪಡೆಯುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆಯೆಂದು 2019ರಲ್ಲಿ ಕಾನೂನೇ ಹೇಳಬೇಕಾಯಿತು. 2023ರಲ್ಲಿ ಆ ಹಕ್ಕಿನ ಬಳಕೆ ಶೇ. 65ರಷ್ಟಕ್ಕೆ ಏರಿದ್ದೇ ದಾಖಲೆಯೆನಿಸಿತು. ಒಬ್ಬೊಬ್ಬರಾಗಿ ವಿರಮಿಸಲು ನಾಚುವ ಸಮಾಜದಲ್ಲಿ ಎಲ್ಲರೂ ಒಟ್ಟಿಗೆ ವಿರಮಿಸುವಂತೆ ಸರ್ಕಾರವೇ ದಿನ ಗೊತ್ತುಮಾಡುವುದು ಸುಲಭದ ದಾರಿ. ಅದರ ಬೆಲೆಯನ್ನು ಮಾತ್ರ ರೈಲುನಿಲ್ದಾಣಗಳಲ್ಲೂ ಹೋಟೆಲ್ ದರಗಳಲ್ಲೂ ಜನರೇ ತೆರುತ್ತಾರೆ.

ಹೀಗೆ ರಜೆಯ ಉದ್ದೇಶ ನೆನಪಿನಿಂದ ವಿರಾಮಕ್ಕೆ ಸರಿದ ಮೇಲೆ ತಾರೀಖಿಗೆ ಬೆಲೆ ಉಳಿಯಲಿಲ್ಲ. ವಾರಾಂತ್ಯಕ್ಕೆ ಸೇರಿ ಮೂರು ದಿನ ಸಿಗಲೆಂದು 2000ದಲ್ಲಿ ಎರಡು, 2003ರಲ್ಲಿ ಇನ್ನೆರಡು ರಜೆಗಳನ್ನು ಸೋಮವಾರಕ್ಕೆ ಕಟ್ಟಲಾಯಿತು. ಇದಕ್ಕೆ 'ಹ್ಯಾಪಿ ಮಂಡೇ' ಎಂದೇ ಹೆಸರು. ವಯಸ್ಕರಾದವರ ದಿನ ಮೊದಲು ಜನವರಿ 15ಕ್ಕೆ ಇತ್ತು. ಅದು 'ಚಿಕ್ಕ ಹೊಸ ವರ್ಷ', ಹಳೆಯ ಲೆಕ್ಕದಲ್ಲಿ ವರ್ಷದ ಮೊದಲ ಹುಣ್ಣಿಮೆ. ಹಿಂದೆ ಹುಡುಗರು ದೊಡ್ಡವರಾದುದನ್ನು ಗುರುತಿಸುವ ವಿಧಿಯ ಕಾಲವೆಂದು ಹೇಳುತ್ತಾರೆ. ಎರಡನೆಯ ಸೋಮವಾರಕ್ಕೆ ಸರಿದಾಗ ಆ ಕೊನೆಯ ನೂಲೂ ಹರಿಯಿತು. 2022ರ ಏಪ್ರಿಲ್‌ನಲ್ಲಿ ವಯಸ್ಕತನ 18ಕ್ಕೆ ಇಳಿದರೂ ಬಹುತೇಕ ಪುರಸಭೆಗಳು ಸಮಾರಂಭವನ್ನು 20 ತುಂಬುವವರಿಗೇ ಉಳಿಸಿಕೊಂಡವು. ಜನವರಿಯೆಂದರೆ 18ರ ಮಕ್ಕಳಿಗೆ ಪ್ರವೇಶ ಪರೀಕ್ಷೆಗಳ ಕಾಲ. ಟೋಕಿಯೊ ಒಲಿಂಪಿಕ್ಸ್‌ಗಾಗಿ 2020, 2021ರಲ್ಲಿ ಮೂರು ರಜೆಗಳನ್ನು ಎತ್ತಿ ಬೇರೆಡೆ ಇಟ್ಟರು. ಎರಡನೆಯ ಸಲದ ತಿದ್ದುಪಡಿ ಹಿಂದಿನ ವರ್ಷದ ನವೆಂಬರ್ ಕೊನೆಗೆ ಅಂಗೀಕಾರವಾದ್ದರಿಂದ ಆ ವೇಳೆಗಾಗಲೇ ಅಚ್ಚಾಗಿದ್ದ ಅನೇಕ ಕ್ಯಾಲೆಂಡರುಗಳಲ್ಲಿ ತಪ್ಪು ತಾರೀಖುಗಳೇ ಉಳಿದವು. ಜನ ಗೊಣಗಿದರು, ಮರೆತರು. 2016ರಲ್ಲಿ ಬಂದ ಪರ್ವತ ದಿನಕ್ಕೆ ಮೊದಲು ಯೋಚಿಸಿದ್ದ ದಿನಗಳಲ್ಲಿ ಆಗಸ್ಟ್ 12 ಒಂದು, ಒಬೊನ್ ರಜೆಗೆ ಜೋಡಿಸಿಕೊಳ್ಳಲು ಅನುಕೂಲವೆಂದು. ಆದರೆ 1985ರಲ್ಲಿ ಅದೇ ದಿನ ಜಪಾನ್ ಏರ್‌ಲೈನ್ಸ್ ವಿಮಾನ ಗುಮ್ಮಾ ಪ್ರಾಂತದ ಬೆಟ್ಟಕ್ಕೆ ಅಪ್ಪಳಿಸಿ 520 ಜನ ಸತ್ತಿದ್ದರು. ದಿನ 11ಕ್ಕೆ ಸರಿಯಿತು. ಸರ್ಕಾರದ ಪಂಚಾಂಗದಲ್ಲಿ ತಾರೀಖೊಂದು ನೆನಪಿನ ಭಾರಕ್ಕೆ ಮಣಿದದ್ದು ಅಪರೂಪ, ಮಣಿದಾಗಲೂ ಸರಿದದ್ದು ಒಂದು ದಿನ.

ಊರಿನ ಪಂಚಾಂಗ ಇಷ್ಟು ಸುಲಭವಾಗಿ ಸರಿಯುವುದಿಲ್ಲ. ಕ್ಯೋಟೊದ ಗಿಯೊನ್ ಮತ್ಸುರಿ ಇದಕ್ಕೆ ದೊಡ್ಡ ಉದಾಹರಣೆ. 869ರಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ದೇಶದ 66 ಪ್ರಾಂತಗಳ ಲೆಕ್ಕದಲ್ಲಿ 66 ಈಟಿಗಳನ್ನು ನೆಟ್ಟು ಶಾಂತಿ ಮಾಡಿದ್ದು ಅದರ ಮೂಲವೆನ್ನುತ್ತಾರೆ. ಈಗ ಜುಲೈ ತಿಂಗಳಿಡೀ ನಡೆಯುವ ಈ ಉತ್ಸವದಲ್ಲಿ ಲೋಕ ನೋಡುವುದು 17 ಮತ್ತು 24ರ ಬೆಳಗಿನ ರಥಗಳ ಮೆರವಣಿಗೆಯನ್ನು. ಮೊಳೆ ಹೊಡೆಯದೆ ಹಗ್ಗದಿಂದಲೇ ಬಿಗಿದು ಕಟ್ಟುವ, ದೊಡ್ಡವು ಹನ್ನೆರಡು ಟನ್‌ವರೆಗೆ ತೂಗುವ ರಥಗಳವು. ಅವಕ್ಕೆ ಹೊದಿಸುವ ಬಟ್ಟೆಗಳಲ್ಲಿ ಹದಿನಾರನೆಯ ಶತಮಾನದ ಬೆಲ್ಜಿಯಂ ಚಿತ್ರಪಟಗಳಿವೆ; ಡಚ್ ವ್ಯಾಪಾರಿಗಳ ಹಡಗುಗಳಲ್ಲಿ ಬಂದ, ನಮ್ಮ ದಕ್ಖನ್ನಿನಲ್ಲಿ ನೇಯ್ದವೆಂದು ತಜ್ಞರು ಗುರುತಿಸಿದ ಜಮಖಾನೆಗಳೂ ಇವೆ. ಆದರೆ ರಥಗಳು ಉತ್ಸವದ ತಿರುಳಲ್ಲ. ಅವು ಬೀದಿಯನ್ನು ಶುದ್ಧಮಾಡಿ ಹೋದ ಮೇಲೆ, 17ರ ಸಂಜೆ, ಯಾಸಾಕಾ ದೇಗುಲದ ದೇವತೆಗಳು ಮಿಕೋಶಿ ಎಂಬ ಪಲ್ಲಕ್ಕಿಗಳಲ್ಲಿ ಊರೊಳಗೆ ಬಂದು, ಏಳು ದಿನ ತಂಗಿದ್ದು, 24ರಂದು ಗುಡಿಗೆ ಮರಳುತ್ತಾರೆ. ಮೊದಲ ಮೆರವಣಿಗೆ ದೇವರ ಬರವಿಗೆ, ಎರಡನೆಯದು ದೇವರ ಹೋಗುವಿಕೆಗೆ.

1966ರಲ್ಲಿ ಸಂಚಾರದ ತೊಂದರೆ, ಪ್ರವಾಸಿಗರ ಅನುಕೂಲಗಳ ಕಾರಣ ಹೇಳಿ ಎರಡು ಮೆರವಣಿಗೆಗಳನ್ನು 17ಕ್ಕೇ ಒಟ್ಟುಮಾಡಿದರು. ನೋಡುವವರಿಗೆ ಒಂದೇ ಬೆಳಗಿನಲ್ಲಿ ಎಲ್ಲವೂ ಸಿಕ್ಕಿತು. ದೇವರು ಮರಳುವ ದಿನ ಮುಂದೆ ಹೋಗಲು ರಥವೇ ಇಲ್ಲವಾಯಿತು. ಇದನ್ನು ಸರಿಪಡಿಸಿ 24ರ ಮೆರವಣಿಗೆಯನ್ನು ಮತ್ತೆ ಹೊರಡಿಸಿದ್ದು 2014ರಲ್ಲಿ. ಅರ್ಧ ಶತಮಾನದ ನಂತರ ಒಂದು ನಗರ ವಾರದ ದಿನವೆಂದೂ ನೋಡದೆ, ರಜೆಯಿಲ್ಲದ ಒಂದು ತಾರೀಖನ್ನು ಬೇಕೆಂದೇ ಮರಳಿ ಪಡೆದುಕೊಂಡದ್ದು ಜಪಾನಿನ ಹಬ್ಬಗಳ ಈಚಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಅರ್ಥಪೂರ್ಣ ಘಟನೆಯೆಂದು ನನಗನ್ನಿಸುತ್ತದೆ.

ಕ್ಯೋಟೊಗೆ ಇದು ಸಾಧ್ಯವಾದದ್ದು ಅದರ ಹಿಂದೆ ಹಣವೂ ಹೆಸರೂ ಇದ್ದುದರಿಂದ. ಸಣ್ಣ ಊರುಗಳಿಗೆ ಆ ಭಾಗ್ಯವಿಲ್ಲ. ಇವಾತೆ ಪ್ರಾಂತದ ಓಶೂ ನಗರದ ಕೊಕುಸೆಕಿಜಿ ಬೌದ್ಧ ಮಂದಿರದಲ್ಲಿ ಸಾವಿರ ವರ್ಷಕ್ಕೂ ಹಿಂದಿನದೆನ್ನುವ ಸೋಮಿನ್‌ಸಾಯ್ ನಡೆಯುತ್ತಿತ್ತು. ಕೊರೆಯುವ ಚಳಿಯಲ್ಲಿ ಲಂಗೋಟಿಯುಟ್ಟ ಗಂಡಸರು ಮಂತ್ರಿಸಿದ ಚೀಲವೊಂದಕ್ಕಾಗಿ ರಾತ್ರಿಯಿಡೀ ಸೆಣಸುವ ಹಬ್ಬ. 2024ರ ಫೆಬ್ರುವರಿ 17ರಂದು ಅದು ಕೊನೆಯ ಸಲ ನಡೆಯಿತು. ಸೆಣಸಲು ಹೊರಗಿನಿಂದ ಗಂಡಸರು ಬರುತ್ತಿದ್ದರು. ಆದರೆ ಅದಕ್ಕೂ ವಾರಗಟ್ಟಲೆ ಮೊದಲು ಕಾಡಿನಿಂದ ಮರ ತರುವುದು, ತಾಯಿತಗಳನ್ನು ಕೆತ್ತುವುದು, ನೇಮ ಹಿಡಿಯುವುದು, ಇವೆಲ್ಲ ಕೆಲವೇ ಭಕ್ತ ಮನೆತನಗಳ ಹೊಣೆ, ಆ ಮನೆಗಳಲ್ಲಿ ಉಳಿದವರು ವಯಸ್ಸಾದವರು. ಪ್ರೇಕ್ಷಕರೂ ಪಾಲ್ಗೊಳ್ಳುವವರೂ ಎಷ್ಟಿದ್ದರೂ ಹಬ್ಬ ನಿಲ್ಲಬಹುದೆಂಬುದನ್ನು ಅದು ತೋರಿಸಿತು. 2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಜಪಾನಿ ಮಕ್ಕಳು ಏಳು ಲಕ್ಷಕ್ಕೂ ಕಡಿಮೆ. ಹತ್ತು ಜನರಲ್ಲಿ ಹತ್ತಿರಹತ್ತಿರ ಮೂವರು 65 ದಾಟಿದವರು. ಅಂಥಲ್ಲಿ ಇಂಥ ಮುಕ್ತಾಯಗಳು ಇನ್ನಷ್ಟು ಬರುವುದು ಖಚಿತ.

ನಿಲ್ಲಿಸಲು ಒಪ್ಪದವರು ನಿಯಮ ಸಡಿಲಿಸುತ್ತಿದ್ದಾರೆ. ಅದೇ ಫೆಬ್ರುವರಿಯಲ್ಲಿ ಆಯ್ಚಿ ಪ್ರಾಂತದ ಇನಾಜಾವಾದ ಕೊನೊಮಿಯಾ ದೇಗುಲದ ನಗ್ನ ಹಬ್ಬದಲ್ಲಿ ಹೆಂಗಸರ ತಂಡ ಮೊದಲ ಬಾರಿಗೆ ಪಾಲ್ಗೊಂಡಿತು, ಮೈತುಂಬ ಬಟ್ಟೆ ತೊಟ್ಟು, ಬಟ್ಟೆಪಟ್ಟಿ ಸುತ್ತಿದ ಬಿದಿರನ್ನು ದೇಗುಲಕ್ಕೆ ಹೊತ್ತೊಯ್ಯುವ ಸೇವೆಯಲ್ಲಿ. ಅಕಿತಾ ಪ್ರಾಂತದ ಓಗಾದಲ್ಲಿ ಡಿಸೆಂಬರ್ 31ರ ರಾತ್ರಿ ಮುಖವಾಡ ತೊಟ್ಟು ಮನೆಮನೆಗೆ ಬಂದು ಮಕ್ಕಳನ್ನು ಗದರಿಸುವ ನಾಮಾಹಾಗೆಯ ವೇಷ ಹಿಂದೆ ಮದುವೆಯಾಗದ ತರುಣರದಾಗಿತ್ತು. ಈಗ ಆ ನಿಯಮ ಸಡಿಲಗೊಂಡು ನಡುವಯಸ್ಸಿನವರೂ ವೇಷ ಹಾಕುತ್ತಾರೆ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ವಿಧಿಗಳಲ್ಲಿ ಇದೂ ಒಂದು, ಆದರೆ ಆ ಮಾನ್ಯತೆ ಊರಿಗೆ ತರುಣರನ್ನು ತಂದುಕೊಡುವುದಿಲ್ಲ. ಒಸಾಕಾ ಬಳಿಯ ಕಿಶಿವಾದಾದ ದಾಂಜಿರಿ ರಥೋತ್ಸವ ತನ್ನ ಸ್ಥಿರ ತಾರೀಖನ್ನು ಬಿಟ್ಟು 2006ರಿಂದ ವಾರಾಂತ್ಯಕ್ಕೆ ಬಂತು. ರಥ ಎಳೆಯುವವರು ನೌಕರಿಗೆ ಹೋಗುವವರಾದ ಮೇಲೆ ಇದಕ್ಕಿಂತ ಬೇರೆ ದಾರಿ ಇರಲಿಲ್ಲವೆನ್ನಬಹುದು. ಸರ್ಕಾರದ ಸೋಮವಾರ ಹೀಗೆ ಊರಿನ ಪಂಚಾಂಗವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತಿದೆ.

ಬಿಸಿಲೂ ಎಳೆಯುತ್ತಿದೆ. ಫುಕುಶಿಮಾ ಪ್ರಾಂತದ ಸೋಮಾ ನೊಮಾವೊಯ್‌ನಲ್ಲಿ ಕವಚ ತೊಟ್ಟ ಸವಾರರು ಕುದುರೆ ಓಡಿಸುತ್ತಾರೆ. 2023ರ ಜುಲೈ ಕೊನೆಯ ಬಿಸಿಲಿಗೆ ಎರಡು ಕುದುರೆಗಳು ಸತ್ತವು, ಅನೇಕರು ಅಸ್ವಸ್ಥರಾದರು. 2024ರಿಂದ ಉತ್ಸವ ಮೇ ಕೊನೆಗೆ ಬಂತು. ಪರಂಪರೆ ಮುರಿಯಿತೆಂದು ಕೊರಗುವ ಮೊದಲು ನೆನೆಯಬೇಕಾದ ಸಂಗತಿಯೊಂದಿದೆ: ದಿನಗಳಿಗೆ ಹನ್ನೆರಡು ಪ್ರಾಣಿಗಳ ಹೆಸರಿಡುವ ಹಳೆಯ ಪಂಚಾಂಗದಲ್ಲಿ ಅದು ಐದನೆಯ ತಿಂಗಳಿನ ಕೋತಿಯ ದಿನಕ್ಕೆ ಸೇರಿದ್ದು. ಜುಲೈ ಎಂಬುದೇ ಆಧುನಿಕ ಕ್ಯಾಲೆಂಡರಿನ ಕೊಡುಗೆ.

ಉಳಿದದ್ದು ಹಣದ ಪ್ರಶ್ನೆ. ಸಂವಿಧಾನದ 89ನೆಯ ವಿಧಿ ಸಾರ್ವಜನಿಕ ಹಣವನ್ನು ಧಾರ್ಮಿಕ ಸಂಸ್ಥೆಗಳಿಗೆ ಕೊಡುವಂತಿಲ್ಲವೆನ್ನುತ್ತದೆ. ಆದ್ದರಿಂದ ಪ್ರಭುತ್ವ ಹಬ್ಬಕ್ಕೆ ನೆರವಾಗಬೇಕಾದರೆ ಅದನ್ನು ಸಾಂಸ್ಕೃತಿಕ ಸ್ವತ್ತೆಂದೋ ಪ್ರವಾಸಿ ಆಕರ್ಷಣೆಯೆಂದೋ ಕಾಣಬೇಕು. 1992ರಲ್ಲಿ ಸ್ಥಳೀಯ ಸಾಂಪ್ರದಾಯಿಕ ಕಲೆಗಳ ಮೂಲಕ ಪ್ರವಾಸೋದ್ಯಮ ಬೆಳೆಸುವ ಕಾನೂನೇ ಬಂತು. ದೇವರನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹಣವಿದೆ ಎಂಬ ಈ ಏರ್ಪಾಡಿನಲ್ಲಿ ಪ್ರೇಕ್ಷಕನೇ ಯಜಮಾನನಾಗುವುದು ಸಹಜ. ತೊಕುಶಿಮಾದ ಆವಾ ಒದೊರಿ ನೃತ್ಯೋತ್ಸವವನ್ನು ನಡೆಸುತ್ತಿದ್ದ ಪ್ರವಾಸೋದ್ಯಮ ಸಂಘ 40 ಕೋಟಿ ಯೆನ್‌ಗೂ ಮಿಕ್ಕ ಸಾಲದಲ್ಲಿ 2018ರಲ್ಲಿ ದಿವಾಳಿಯಾಯಿತು. ಈಚೆಗೆ ಆವೊಮೊರಿ ನಗರದ ನೆಬೂತಾ ಉತ್ಸವದಲ್ಲಿ ಹತ್ತು ಲಕ್ಷ ಯೆನ್‌ನ ವಿಶೇಷ ಆಸನಗಳು ಬಂದವು. 2023ರಲ್ಲಿ ಗಿಯೊನ್‌ನಲ್ಲೂ ನಾಲ್ಕು ಲಕ್ಷ ಯೆನ್‌ನ ಆಸನಗಳು ಬಂದವು, ಊಟ-ಪಾನೀಯದೊಂದಿಗೆ. ಕಾವಲು, ವಿಮೆ, ದುರಸ್ತಿಗಳ ಖರ್ಚು ಏರಿರುವಾಗ ಶ್ರೀಮಂತ ಪ್ರವಾಸಿಯಿಂದ ಪಡೆಯುವುದರಲ್ಲಿ ತಪ್ಪೇನು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ 2024ರಲ್ಲಿ ಯಾಸಾಕಾ ದೇಗುಲದ ಮುಖ್ಯ ಅರ್ಚಕರು ಆ ಆಸನಗಳಲ್ಲಿ ಮದ್ಯ ಕೊಡುವುದನ್ನು ಬಹಿರಂಗವಾಗಿ ಆಕ್ಷೇಪಿಸಿದಾಗ ಅವರು ಎತ್ತಿದ್ದು ದರದ ಪ್ರಶ್ನೆಯನ್ನಲ್ಲ. ದುಬಾರಿ ಆಸನದವರು ನೋಡಿ ಎದ್ದುಹೋಗುವುದು ಬೆಳಗಿನ ರಥಗಳನ್ನು. ಪಲ್ಲಕ್ಕಿಗಳು ಹೊರಡುವುದು ಆ ಮೇಲೆ.

ನೋಡುವವರಿಲ್ಲದೆಯೂ ಹಬ್ಬ ನಡೆಯುತ್ತದೆ, ಮರಳಿ ಬರುವವರಿಲ್ಲದೆ ನಡೆಯುವುದಿಲ್ಲ ಎಂಬುದನ್ನು ನೋಟೊ ಪರ್ಯಾಯದ್ವೀಪದಷ್ಟು ಚೆನ್ನಾಗಿ ಬಲ್ಲ ಸೀಮೆ ಇನ್ನೊಂದಿಲ್ಲ. ಒಬೊನ್‌ಗೆ, ಹೊಸ ವರ್ಷಕ್ಕೆ ಬಾರದಿದ್ದರೂ ಊರ ಹಬ್ಬಕ್ಕೆ ಬರಬೇಕೆಂಬುದು ಅಲ್ಲಿನ ಮಾತು. 2024ರ ಜನವರಿ 1ರಂದು, ಹೊಸ ವರ್ಷಕ್ಕೆಂದು ಮಕ್ಕಳು ಮೊಮ್ಮಕ್ಕಳು ಮನೆಗೆ ಬಂದಿದ್ದ ಸಂಜೆ, 7.6 ತೀವ್ರತೆಯ ಭೂಕಂಪ ಆ ಸೀಮೆಯನ್ನು ಕೆಡವಿತು. ಅಲ್ಲಿನ ಉಶಿತ್ಸುವಿನಲ್ಲಿ ಪ್ರತಿ ಜುಲೈ ಮೊದಲ ಶುಕ್ರವಾರ, ಶನಿವಾರ ಆಬಾರೆ ಮತ್ಸುರಿ ನಡೆಯುತ್ತದೆ. ಕಿರಿಕೊ ಎಂಬ ಎತ್ತರದ ಕಾಗದದ ದೀಪಗಳನ್ನು ಹೊತ್ತು ಕುಣಿಯುತ್ತಾರೆ, ಪಲ್ಲಕ್ಕಿಯನ್ನು ನೀರಿಗೂ ಬೆಂಕಿಗೂ ಎಸೆದು ದೇವರನ್ನು ಮೆಚ್ಚಿಸುತ್ತಾರೆ. ಆರು ತಿಂಗಳ ಬಳಿಕವೂ ಎಷ್ಟೋ ಮನೆಗಳು ಬಿದ್ದಲ್ಲೇ ಬಿದ್ದಿದ್ದವು. ಜುಲೈ 5 ಶುಕ್ರವಾರ. ಅಂದು ರಾತ್ರಿ ಊರಿನವರು ಕಿರಿಕೊಗಳನ್ನು ಹೊರಗೆ ತಂದರು.